‘ಡಾಕ್ಟರ್ ಓಡಿಸಿದ ಗಾಡಿ ಅದ ರೀ, ಕಣ್ಣು ಮುಚ್ಚಿ ತಗೋರಿ’: ಹಳೆಯ ಸಣ್ಣ ಕಾರುಗಳ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

ದೇವದುರ್ಗಕ್ಕೆ ರೈಲಿಲ್ಲ. ಮಾನ್ವಿಯಿಂದಾಗಲಿ ದೇವದುರ್ಗದಿಂದಾಗಲಿ ರಾಯಚೂರು ಐವತ್ತು ಕಿಲೋಮೀಟರ್ ಆಸುಪಾಸು. ರಾತ್ರಿ ಹೊತ್ತಿನಲ್ಲಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಶುರುವಾದರೆ, ರಾಯಚೂರಿನ ರಿಮ್ಸ್ ಆಸ್ಪತ್ರೆಯವರೆಗೆ ನಿಲ್ಲದೆ ಓಡುವ ಗಾಡಿ ಬೇಕು. ಹತ್ತಿಯದೋ ಭತ್ತದ್ದೋ ದುಡ್ಡು ಕೈಗೆ ಬಂದಾಗ ಇಲ್ಲಿನ ಎಷ್ಟೋ ಮನೆಗಳು ಹಳೆಯ ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊ ಅಥವಾ ಐ10 ನೋಡಲು ಹೊರಡುವುದು ಇದಕ್ಕಾಗಿಯೇ. ಆ ಕಾರು ನಡುರಸ್ತೆಯಲ್ಲಿ ಕೈಕೊಟ್ಟರೆ ಹೋಗುವುದು ಬರೀ ದುಡ್ಡಲ್ಲ.

ಕಾರು ನೋಡಲು ಹೊರಟ ದಿನದಿಂದಲೇ ಸಲಹೆಗಳ ಮಳೆ. ‘ಸಿಂಗಲ್ ಓನರ್ ಗಾಡಿ’, ‘ಬರೀ 30 ಸಾವಿರ ಓಡಿದೆ’, ‘ಈ ಎಂಜಿನ್‌ಗೆ ಸಾವೇ ಇಲ್ಲ’, ‘ಹೊಸ ಪೆಟ್ರೋಲ್‌ಗೆ ಹಳೇ ಗಾಡಿ ಸುಟ್ಟು ಹೋಗುತ್ತೆ’, ‘15 ವರ್ಷ ಆದರೆ ಗುಜರಿಗೆ’. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರಾ ಸುಳ್ಳು. ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಹಳೆಯ ಕಾರಿನ ಬಾಳಿಕೆಯನ್ನು ಮಾದರಿಯ ಹೆಸರಿಗಿಂತ ಹೆಚ್ಚಾಗಿ ಆ ಒಂದು ಕಾರನ್ನು ಹಿಂದಿನವರು ಹೇಗೆ ನೋಡಿಕೊಂಡರು ಎಂಬುದು ನಿರ್ಧರಿಸುತ್ತದೆ.
• ರಾಯಚೂರು ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ ತಂಪಾಗಿಡುವ ವ್ಯವಸ್ಥೆ. ಬಿಸಿಲು ಮತ್ತು ಸವಳು ನೀರು ಎರಡೂ ಅದರ ಶತ್ರುಗಳು.
• ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೆ ವ್ಯಾಪಾರ ಮುಗಿದಿಲ್ಲ.

ಮಾಲೀಕರ ಅನುಭವ ಒಬ್ಬೊಬ್ಬರದು ಒಂದೊಂದು ಏಕೆ?

ಒಂದೇ ಮಾದರಿಯ ಕಾರಿನ ಬಗ್ಗೆ ಹತ್ತು ಜನ ಮಾಲೀಕರನ್ನು ಕೇಳಿ. ಒಬ್ಬರು ‘ಎರಡು ಲಕ್ಷ ಕಿಲೋಮೀಟರ್ ಓಡಿದೆ, ಎಂಜಿನ್ ಬಿಚ್ಚಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ತಂದಾಗಿನಿಂದ ಗ್ಯಾರೇಜಿನಲ್ಲೇ ಇದೆ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇಲ್ಲಿ ಒಂದು ಲೆಕ್ಕದ ಮೋಸವಿದೆ. ಎರಡು ಲಕ್ಷ ಕಿಲೋಮೀಟರ್ ದಾಟಿ ಇಂದೂ ರಸ್ತೆಯಲ್ಲಿರುವ ಕಾರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಅದೇ ವರ್ಷ ಮಾರಾಟವಾಗಿ, 80 ಸಾವಿರಕ್ಕೇ ಕೆಟ್ಟು ಗುಜರಿಗೆ ಹೋದ ಕಾರು ಯಾರ ಮಾತಿಗೂ ಬರುವುದಿಲ್ಲ. ಉಳಿದವುಗಳನ್ನಷ್ಟೇ ಎಣಿಸಿ ‘ಈ ಮಾದರಿ ಗಟ್ಟಿ’ ಎಂದು ತೀರ್ಮಾನಿಸುವುದು ಅಜ್ಜ ಬೀಡಿ ಸೇದಿಯೂ ತೊಂಬತ್ತು ವರ್ಷ ಬದುಕಿದ, ಹಾಗಾಗಿ ಬೀಡಿಯಿಂದ ತೊಂದರೆಯಿಲ್ಲ ಎಂದಂತೆ.

ಎರಡನೆಯದು, ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಗಾಡಿ ಪೂಜೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೇ ‘ನಿಂಬೆಹಣ್ಣು’ ಎನ್ನುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಇದೇ ಹಳೆಯ ಕಾರುಗಳ ಸಂತೆಯನ್ನು ಉದಾಹರಣೆಯಾಗಿಟ್ಟು ಪ್ರಬಂಧ ಬರೆದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದಾಗ ಆತ ಎಲ್ಲಕ್ಕೂ ನಡುವಿನ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರಲು ಒಪ್ಪುವುದಿಲ್ಲ, ಕೆಟ್ಟ ಕಾರಿನವನು ಖುಷಿಯಿಂದ ಒಪ್ಪುತ್ತಾನೆ. ಹೀಗೆ ಸಂತೆಯಲ್ಲಿ ಕೆಟ್ಟವೇ ಹೆಚ್ಚುತ್ತವೆ. ಈ ಬಗೆಯ ಅಧ್ಯಯನಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದಕ್ಕೆ ಇರುವ ಒಂದೇ ಮದ್ದು ಮಾಹಿತಿ. ಬಾಯಿಮಾತು ಬಿಟ್ಟು ದಾಖಲೆ ಕೇಳುವುದು.

ಮಾತು 1: ‘ಡಾಕ್ಟರ್ ಗಾಡಿ, ಕಡಿಮೆ ಓಡಿದೆ, ಅಂದಮೇಲೆ ಒಳ್ಳೇದು’

ಅರ್ಧ ನಿಜ.

ಒಂದು ಸರಳ ಲೆಕ್ಕ ಮಾಡೋಣ. ಮಾನ್ವಿಯಿಂದ ರಾಯಚೂರಿಗೆ ದಿನಾ ಕೆಲಸಕ್ಕೆ ಹೋಗಿಬರುವ ಒಬ್ಬರು ದಿನಕ್ಕೆ ಸುಮಾರು 90ರಿಂದ 100 ಕಿ.ಮೀ. ಓಡಿಸುತ್ತಾರೆ. ತಿಂಗಳಿಗೆ 25 ದಿನ ಎಂದರೂ ವರ್ಷಕ್ಕೆ 30 ಸಾವಿರದ ಹತ್ತಿರ. ಮೂರು ವರ್ಷಕ್ಕೆ ಮೀಟರ್ 90 ಸಾವಿರ ತೋರಿಸುತ್ತದೆ. ಇನ್ನೊಬ್ಬರು ರಾಯಚೂರು ನಗರದೊಳಗೆ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ದಿನಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಓಡಿಸುತ್ತಾರೆ. ಮೂರು ವರ್ಷಕ್ಕೆ ಐದು ಸಾವಿರವೂ ದಾಟುವುದಿಲ್ಲ.

ಕೇಳಿದ ಕೂಡಲೇ ಎರಡನೆಯ ಕಾರೇ ಮೇಲು ಅನಿಸುತ್ತದೆ. ಆದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಎಂಜಿನ್ ಸರಿಯಾದ ಬಿಸಿಗೆ ಬಂದು ಕೆಲಸ ಮಾಡಿರುತ್ತದೆ. ಕ್ಲಚ್, ಬ್ರೇಕ್, ಗೇರ್‌ಗಳ ಸವೆತವೂ ಕಡಿಮೆ. ಎರಡು ಕಿ.ಮೀ. ಓಡಿ ಆಫ್ ಆಗುವ ಎಂಜಿನ್ ಪೂರ್ತಿ ಬಿಸಿಯೇ ಆಗಿರುವುದಿಲ್ಲ. ಒಳಗೆ ಸೇರುವ ನೀರಿನಂಶ, ಸುಡದೆ ಉಳಿದ ಪೆಟ್ರೋಲ್ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಬೆರೆಯುತ್ತವೆ. ‘ಓಡೇ ಇಲ್ವಲ್ಲ’ ಎಂದು ಎರಡು ವರ್ಷ ಆಯಿಲ್ ಬದಲಿಸದಿದ್ದರೆ ಹಾನಿ ಇನ್ನೂ ಹೆಚ್ಚು. ಕಂಪನಿಗಳು ‘ಇಷ್ಟು ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಬರೆಯುವುದು ಇದಕ್ಕೇ.

ಇನ್ನು ಮೀಟರ್ ಹಿಂದಕ್ಕೆ ತಿರುಗಿಸುವುದು. ‘ಡಿಜಿಟಲ್ ಮೀಟರ್ ತಿರುಗಿಸಲು ಆಗಲ್ಲ’ ಎಂಬ ನಂಬಿಕೆಯೂ ತಪ್ಪು. ಸಾಫ್ಟ್‌ವೇರ್ ಮೂಲಕ ಅದನ್ನೂ ಬದಲಿಸುತ್ತಾರೆ. ಹಾಗಾಗಿ ಮೀಟರ್ ಜೊತೆ ಬೇರೆ ಸಾಕ್ಷಿಗಳನ್ನೂ ನೋಡಬೇಕು. ಬ್ರೇಕ್ ಪೆಡಲ್ ಮೇಲಿನ ರಬ್ಬರ್ ನುಣುಪಾಗಿದೆಯೇ? ಸ್ಟೀರಿಂಗ್, ಗೇರ್ ಗುಂಡಿ ಸವೆದು ಹೊಳೆಯುತ್ತಿದೆಯೇ? ಡ್ರೈವರ್ ಸೀಟಿನ ಅಂಚು ಕುಸಿದಿದೆಯೇ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ‘2319’ ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. 2016ರ ಕಾರು, 25 ಸಾವಿರ ಓಡಿದೆ ಎನ್ನುತ್ತಾರೆ, ಆದರೆ ನಾಲ್ಕೂ ಟೈರು 2019ರವು ಎಂದರೆ ಏಕೆ ಬದಲಿಸಿದಿರಿ ಎಂದು ಕೇಳಲೇಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆ. ಪ್ರತಿ ಸರ್ವಿಸ್‌ನಲ್ಲೂ ಅಂದಿನ ಕಿಲೋಮೀಟರ್ ಬರೆದಿರುತ್ತಾರೆ. ಡಾಕ್ಟರ್ ಓಡಿಸಿದರೋ ಮೇಷ್ಟ್ರು ಓಡಿಸಿದರೋ, ಆ ಪುಸ್ತಕ ತುಂಬಿದ್ದರೆ ಕಾರಿಗೆ ಬೆಲೆ.

ಮಾತು 2: ‘ಈ ಎಂಜಿನ್‌ಗೆ ಸಾವೇ ಇಲ್ಲ’

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಕೆಡುವ ವಸ್ತುಗಳು ಕಡಿಮೆ, ಬಿಡಿಭಾಗ ಸುಲಭವಾಗಿ ಸಿಗುತ್ತವೆ, ಊರಿನ ಮೆಕ್ಯಾನಿಕ್‌ಗೂ ಅವು ಪರಿಚಿತ. ಇದು ನಿಜ, ದೊಡ್ಡ ಅನುಕೂಲವೂ ಹೌದು. ದೇವದುರ್ಗದಲ್ಲೇ ರಿಪೇರಿಯಾಗುವ ಕಾರಿಗೂ ಪ್ರತಿ ಸಲ ಹೈದರಾಬಾದಿಗೆ ಎಳೆದೊಯ್ಯಬೇಕಾದ ಕಾರಿಗೂ ಬಹಳ ವ್ಯತ್ಯಾಸ.

ಆದರೆ ಒಂದೇ ಹೆಸರಿನ ಕಾರಿನಲ್ಲೂ ಬೇರೆ ಬೇರೆ ಎಂಜಿನ್ ಇರುತ್ತವೆ. ಹಳೆಯ ಆಲ್ಟೊದ 796 ಸಿಸಿ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ, ಆಲ್ಟೊ ಕೆ10ರ 998 ಸಿಸಿ ಎಂಜಿನ್‌ನಲ್ಲಿ ಚೈನ್ ಇದೆ. ಬೆಲ್ಟ್ ರಬ್ಬರಿನದು. ಕೈಪಿಡಿ ಹೇಳಿದ ಅವಧಿಗೆ ಬದಲಿಸದಿದ್ದರೆ ಮುನ್ಸೂಚನೆಯಿಲ್ಲದೆ ತುಂಡಾಗಿ ಕಾರು ನಿಂತಲ್ಲೇ ನಿಲ್ಲಬಹುದು. ಕೆಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳೂ ಬಾಗುತ್ತವೆ. ಹಾಗಾಗಿ ‘ಬೆಲ್ಟ್ ಇದೆಯೋ ಚೈನೋ? ಬೆಲ್ಟ್ ಆದರೆ ಯಾವಾಗ ಬದಲಿಸಿದ್ದು, ಬಿಲ್ ಇದೆಯೇ?’ ಎಂಬ ಪ್ರಶ್ನೆ ಕೇಳಿ.

ಒಳ್ಳೆಯ ಹೆಸರಿರುವ ಮಾದರಿಗಳಲ್ಲೂ ಕಾರ್ಖಾನೆಯ ದೋಷ ಬರುವುದುಂಟು. 2020ರ ಜುಲೈನಲ್ಲಿ ಮಾರುತಿ ಸುಜುಕಿ ಫ್ಯುಯೆಲ್ ಪಂಪ್ ತೊಂದರೆಯ ಸಾಧ್ಯತೆಯಿಂದಾಗಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ವಾಪಸ್ ಕರೆಸಿ, ಪರೀಕ್ಷಿಸಿ, ಉಚಿತವಾಗಿ ಸರಿಪಡಿಸುವುದಾಗಿ ಪ್ರಕಟಿಸಿತ್ತು. ಇಂಥ ವಾಪಸಾತಿ ಕಂಪನಿಗೆ ಅವಮಾನವೇನಲ್ಲ, ಜವಾಬ್ದಾರಿಯ ಕೆಲಸ. ನೀವು ನೋಡುತ್ತಿರುವ ಕಾರಿಗೆ ಆ ಕೆಲಸ ಆಗಿದೆಯೇ ಎಂಬುದನ್ನು ಚಾಸಿ ನಂಬರ್ ಕೊಟ್ಟು ಕಂಪನಿಯ ಜಾಲತಾಣದಲ್ಲಿ ಅಥವಾ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಬಹುದು.

ಮಾತು 3: ‘ರೇಡಿಯೇಟರ್‌ಗೆ ಬೋರ್ ನೀರು ಹಾಕಿದರೆ ಸಾಕು’

ತಪ್ಪು. ರಾಯಚೂರು ಸೀಮೆಯಲ್ಲಿ ಹಳೆಯ ಕಾರುಗಳ ಆಯಸ್ಸು ಕಡಿಮೆ ಮಾಡುವ ಮಾತು ಇದು.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಕೊಳವೆಬಾವಿಯ ನೀರು ಹಲವೆಡೆ ಸವಳು. ಅಂಥ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಗಾರು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಆಗುತ್ತದೆ. ಗಾರು ಶಾಖವನ್ನು ಹೊರಗೆ ಬಿಡದು, ಲವಣಾಂಶ ಲೋಹವನ್ನು ತಿನ್ನುತ್ತದೆ.

ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಕುಕ್ಕರಿನಂತೆ ಒತ್ತಡ ಹಿಡಿದಿಡುವುದರಿಂದ ಕುದಿಯುವ ಬಿಂದು 120 ಡಿಗ್ರಿ ಹತ್ತಿರಕ್ಕೆ ಏರುತ್ತದೆ. ಕೂಲೆಂಟ್ ಬೆರೆಸಿದರೆ ಇನ್ನಷ್ಟು ಮೇಲೆ ಹೋಗುತ್ತದೆ, ತುಕ್ಕೂ ತಡೆಯುತ್ತದೆ. ಮುಚ್ಚಳದ ರಬ್ಬರ್ ಹಳತಾಗಿ ಒತ್ತಡ ನಿಲ್ಲದಿದ್ದರೆ ಈ ಲಾಭವೆಲ್ಲ ಹೋಯಿತು. ಕೆಲವೇ ನೂರು ರೂಪಾಯಿಯ ಈ ಮುಚ್ಚಳವನ್ನು ಯಾರೂ ಗಮನಿಸುವುದಿಲ್ಲ.

ಇದರ ಜೊತೆ ಇನ್ನೊಂದು ಸಲಹೆಯೂ ಕಿವಿಗೆ ಬೀಳುತ್ತದೆ: ‘ನಮ್ಮದು ಬಿಸಿಲ ಊರು, ಥರ್ಮೋಸ್ಟಾಟ್ ತೆಗೆದುಬಿಡಿ.’ ಎಂಜಿನ್ ಬೇಗ ಸರಿಯಾದ ಬಿಸಿಗೆ ಬಂದು ಅಲ್ಲೇ ನಿಲ್ಲುವಂತೆ ನೋಡಿಕೊಳ್ಳುವ ಬಾಗಿಲು ಅದು. ತೆಗೆದರೆ ಎಂಜಿನ್ ತಣ್ಣಗೇ ಓಡಿ ಸವೆಯುತ್ತದೆ, ಮೈಲೇಜ್ ಬೀಳುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಬೇಕು, ತೆಗೆದುಹಾಕಬಾರದು.

ಒಮ್ಮೆ ಎಂಜಿನ್ ಅತಿಯಾಗಿ ಕಾದರೆ ಅಲ್ಯೂಮಿನಿಯಂ ಹೆಡ್ ಬಾಗಿ, ಹೆಡ್ ಗ್ಯಾಸ್ಕೆಟ್ ಹೋಗಬಹುದು. ಕೊಳ್ಳುವಾಗ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳಿ ಜಿಡ್ಡು, ಕೂಲೆಂಟ್ ಡಬ್ಬಿಯಲ್ಲಿ ಎಣ್ಣೆ ಅಥವಾ ಬಿಡದೆ ಬರುವ ಗುಳ್ಳೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ. ಇವುಗಳಲ್ಲಿ ಯಾವುದು ಕಂಡರೂ ಆ ಕಾರು ಬಿಟ್ಟುಬಿಡಿ. ನೆನಪಿರಲಿ, ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆಗೆಯಬೇಡಿ. ಒಳಗಿನ ನೀರು ಮುಖಕ್ಕೆ ಚಿಮ್ಮುತ್ತದೆ. ದಾರಿಯಲ್ಲಿ ಟೆಂಪರೇಚರ್ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ತಣ್ಣಗಾಗುವವರೆಗೆ ಕಾಯಿರಿ.

ಬಿಸಿಲು ಬ್ಯಾಟರಿಯ ಆಯಸ್ಸನ್ನೂ ತಿನ್ನುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಅಲೆಅಲೆಯಾಗುತ್ತದೆ. ಸಣ್ಣ ಕಾರಿನ ಸಸ್ಪೆನ್ಷನ್ ಬುಷ್, ಬಾಲ್ ಜಾಯಿಂಟ್ ಬೇಗ ಸಡಿಲವಾಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲಾಗಲಿ, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದಲ್ಲಾಗಲಿ, ಗದ್ದೆ ಮತ್ತು ಗೋದಾಮಿನ ಪಕ್ಕ ನಿಲ್ಲಿಸಿದ ಕಾರಿನ ವೈರ್‌ಗಳನ್ನು ಇಲಿ ಕಡಿಯುವ ಭಯವೂ ಇದೆ. ಬಾನೆಟ್ ಎತ್ತಿದಾಗ ಟೇಪ್ ಸುತ್ತಿದ ವೈರ್, ಇಲಿ ಹಿಕ್ಕೆ ಕಾಣುತ್ತದೆಯೇ ನೋಡಿ.

ಮಾತು 4: ‘ಇ20 ಪೆಟ್ರೋಲ್‌ಗೆ ಹಳೇ ಕಾರು ಸುಟ್ಟು ಹೋಗುತ್ತೆ’

ಉತ್ಪ್ರೇಕ್ಷೆ. ಆದರೆ ‘ಏನೂ ಆಗಲ್ಲ’ ಎಂಬುದೂ ಪೂರ್ತಿ ನಿಜವಲ್ಲ.

2025ರಲ್ಲಿ ದೇಶದ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರಕೆ ಶೇ 20ರ ಗುರಿ ಮುಟ್ಟಿತು. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ನೀತಿ ಆಯೋಗದ 2021ರ ವರದಿ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6-7ರಷ್ಟು ಇಳಿಕೆಯನ್ನು ಅಂದಾಜಿಸಿತ್ತು. ಲೀಟರಿಗೆ 20 ಕಿ.ಮೀ. ಕೊಡುತ್ತಿದ್ದ ಕಾರು 18.5ರ ಹತ್ತಿರ ಕೊಡಬಹುದು. ‘ಅರ್ಧಕ್ಕೆ ಇಳಿಯಿತು’ ಎಂದರೆ ಕಾರಣ ಬೇರೆ ಇದೆ: ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಸೆನ್ಸರ್ ಅಥವಾ ಹಿಡಿದುಕೊಂಡ ಬ್ರೇಕ್.

ಹಳೆಯ ಕಾರಿನ ರಬ್ಬರ್ ಪೈಪು, ಸೀಲು, ಗ್ಯಾಸ್ಕೆಟ್‌ಗಳು ಎಥೆನಾಲ್‌ನಿಂದ ಬೇಗ ಹಾಳಾಗಬಹುದು. ಅವನ್ನು ಸರ್ವಿಸ್‌ನಲ್ಲಿ ನೋಡಿಸಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಎಥೆನಾಲ್ ನೀರನ್ನು ಹೀರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಪೆಟ್ರೋಲ್ ವಾಸನೆ ಬಂದರೆ ಅಂದೇ ಮೆಕ್ಯಾನಿಕ್ ಬಳಿ ಹೋಗಿ.

ಮಾತು 5: ‘15 ವರ್ಷ ಆದರೆ ಗುಜರಿಗೆ, ಮಾರಿದರೆ ಜಿಎಸ್‌ಟಿ’

ಎರಡೂ ತಪ್ಪು.

10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧ ದೆಹಲಿ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ 15 ವರ್ಷ ತುಂಬಿದ ಖಾಸಗಿ ಕಾರನ್ನು ಆರ್‌ಟಿಒ ಪರೀಕ್ಷಿಸಿ ಸರಿಯಿದ್ದರೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತಾರೆ. ಆದರೆ ಖರ್ಚಿದೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ, ಅದರ ಮೇಲೆ ಹಸಿರು ತೆರಿಗೆ. 13-14 ವರ್ಷದ ಕಾರು ಕೊಳ್ಳುವವರು ಇದನ್ನೂ ಬೆಲೆಗೆ ಸೇರಿಸಿ ಚೌಕಾಸಿ ಮಾಡಬೇಕು.

2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಹಳೆಯ ಕಾರುಗಳ ಮೇಲಿನ ತೆರಿಗೆಯನ್ನು ಶೇ 18 ಮಾಡಿದಾಗ, ‘ನಷ್ಟಕ್ಕೆ ಮಾರಿದರೂ ತೆರಿಗೆ ಕಟ್ಟಬೇಕು’ ಎಂಬ ವಿಡಿಯೊಗಳು ಹರಿದಾಡಿದವು. ಆ ತೆರಿಗೆ ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಿಗೆ, ಅದೂ ಅವನ ಲಾಭದ ಭಾಗಕ್ಕೆ ಮಾತ್ರ. ನೀವು ನಿಮ್ಮ ಸ್ವಂತ ಬಳಕೆಯ ಕಾರನ್ನು ನೆರೆಯವರಿಗೆ ಮಾರಿದರೆ ಜಿಎಸ್‌ಟಿ ಇಲ್ಲ.

ಮಾತು 6: ‘ಹೈದರಾಬಾದಿನಲ್ಲಿ ಅಗ್ಗ, ಅಲ್ಲೇ ತಗೋರಿ’

ಅಗ್ಗ ಸಿಗಬಹುದು, ಲೆಕ್ಕ ಪೂರ್ತಿ ಹಾಕಿ. ಗಡಿ ಹತ್ತಿರವಾದ್ದರಿಂದ ಎಪಿ, ಟಿಎಸ್, ಟಿಜಿ ನಂಬರಿನ ಕಾರುಗಳು ರಾಯಚೂರಿನಲ್ಲಿ ಬೇಕಾದಷ್ಟು ಕಾಣುತ್ತವೆ. ಅಂಥ ಕಾರನ್ನು ಇಲ್ಲೇ ಇಟ್ಟುಕೊಳ್ಳುವುದಾದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ತರಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ರಸ್ತೆ ತೆರಿಗೆ ಕಟ್ಟಿ, ಕೆಎ 36 ನಂಬರ್ ಪಡೆಯಬೇಕು. ಇಷ್ಟೆಲ್ಲ ಸೇರಿಸಿದ ಮೇಲೂ ಅಗ್ಗವೇ?

ಇನ್ನೊಂದು ಎಚ್ಚರಿಕೆ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹಲವು ಬಡಾವಣೆಗಳು ಮುಳುಗಿದ್ದವು. ದೊಡ್ಡ ನಗರದಲ್ಲಿ ಮುಳುಗಿದ ಕಾರು ತೊಳೆದು, ಪಾಲಿಶ್ ಮಾಡಿ ದೂರದ ಊರಿಗೆ ಮಾರಾಟವಾಗುವ ಸಾಧ್ಯತೆ ಯಾವಾಗಲೂ ಇರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಕಬ್ಬಿಣಕ್ಕೆ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಮಣ್ಣು, ಮ್ಯಾಟ್ ಎತ್ತಿದರೆ ಮುಗ್ಗಲು ವಾಸನೆ ಬಂದರೆ ಅನುಮಾನಿಸಿ.

ಅರ್ಧ ಗಂಟೆಯ ಪರೀಕ್ಷೆ

1. ಹಗಲಿನಲ್ಲೇ ನೋಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ. ‘ನೀವು ಬರುವಷ್ಟರಲ್ಲಿ ಬಿಸಿ ಮಾಡಿ ಇಟ್ಟಿರ್ತೀನಿ’ ಎಂದರೆ ಬೇಡ ಎನ್ನಿ. ಸ್ಟಾರ್ಟಿಂಗ್ ತೊಂದರೆ ತಣ್ಣನೆಯ ಎಂಜಿನ್‌ನಲ್ಲೇ ಗೊತ್ತಾಗುವುದು.
2. ಕೀ ತಿರುಗಿಸಿದಾಗ ಎಂಜಿನ್ ಎಚ್ಚರಿಕೆ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ ದೀಪವನ್ನೇ ತೆಗೆದಿರಬಹುದು.
3. ಹೊಗೆ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ.
4. ಹತ್ತು ಕಿ.ಮೀ. ಓಡಿಸಿ, ಎಸಿ ಹಾಕಿ. ನಂತರ ಕಾಲು ಗಂಟೆ ಎಂಜಿನ್ ಚಾಲೂ ಇಟ್ಟು ನಿಲ್ಲಿಸಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು, ಟೆಂಪರೇಚರ್ ಏರಬಾರದು.
5. ಒಂದು ಉಬ್ಬಿನ ಮೇಲೆ ನಿಧಾನವಾಗಿ ಹತ್ತಿಸಿ ಇಳಿಸಿ. ಕಟಕಟ ಸದ್ದು ಬಂದರೆ ಸಸ್ಪೆನ್ಷನ್ ಕೆಲಸವಿದೆ.
6. ಕೊನೆಗೆ, ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ತೋರಿಸಿ. ಲಿಫ್ಟ್ ಮೇಲೆ ಎತ್ತಿ ಕೆಳಭಾಗ ನೋಡಲಿ. ಇದಕ್ಕೆ ಕೊಟ್ಟ ಹಣ ದಂಡವಲ್ಲ.

ಕಾಗದ ಪತ್ರ: ಇಲ್ಲಿ ಸಡಿಲ ಬೇಡ

‘ನಮ್ಮವರೇ, ಆರ್‌ಸಿ ಆಮೇಲೆ ಮಾಡಿಸಿದರಾಯ್ತು’ ಎಂಬ ಮಾತಿನಿಂದ ಮಾರುವವನಿಗೂ ಅಪಾಯ, ಕೊಳ್ಳುವವನಿಗೂ ಅಪಾಯ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರಂ 29 ಮತ್ತು 30 ಇದಕ್ಕೇ ಇವೆ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಕಾರು ಕೈಬಿಟ್ಟು ವರ್ಷಗಳಾಗಿದ್ದರೂ, ನಡುವೆ ಮೂರು ಕೈ ಬದಲಾಗಿದ್ದರೂ ನೋಟಿಸ್ ಬರುವುದು ಹಳೆಯ ಮಾಲೀಕರಿಗೇ.

ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಹಾನಿಯ ಹಣ ಸಿಗದೆ ಹೋಗಬಹುದು. ಹಳೆಯ ಮಾಲೀಕರ ‘ನೋ ಕ್ಲೈಮ್ ಬೋನಸ್’ ಕಾರಿನ ಜೊತೆ ಬರುವುದಿಲ್ಲ. ಮುಂಗಡ ಕೊಡುವ ಮೊದಲು ಎಂ-ಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿ ನೋಂದಣಿ, ವಿಮೆ, ಬಾಕಿ ದಂಡಗಳನ್ನು ನೋಡಿಕೊಳ್ಳಿ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಾರಿನ ಮೇಲೆ ಕೊರೆದ ನಂಬರಿನ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ಗ್ಯಾಸ್ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ‘ಈ ಕಾರು ಸೂಪರ್’ ಅಥವಾ ‘ಈ ಕಾರು ವೇಸ್ಟ್’ ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ವರ್ಷದ, ಯಾವ ಎಂಜಿನ್‌ನ ಕಾರು? ಎಲ್ಲಿ, ಹೇಗೆ ಓಡಿದ್ದು? ಸರ್ವಿಸ್ ದಾಖಲೆ ಇದೆಯೇ? ಮೂರಕ್ಕೂ ಉತ್ತರವಿದ್ದರೆ ಆ ಅನುಭವದಿಂದ ನಿಮಗೆ ಉಪಯೋಗವಿದೆ. ಇಲ್ಲವೆಂದರೆ ಅದು ಒಬ್ಬರ ಅದೃಷ್ಟದ ಕಥೆ.

ಕಾರು ಕೊಂಡ ಮೇಲೂ ಬೆಲೆಯ ಹತ್ತನೇ ಒಂದು ಭಾಗದಷ್ಟನ್ನಾದರೂ ಕೈಯಲ್ಲಿ ಉಳಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಮನೆಗೆ ತಂದ ವಾರವೇ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ, ಬೆಲ್ಟ್‌ಗಳನ್ನೂ ಬ್ಯಾಟರಿಯನ್ನೂ ಪರೀಕ್ಷೆ ಮಾಡಿಸಿ, ದಿನಾಂಕ ಮತ್ತು ಕಿಲೋಮೀಟರ್ ಒಂದು ಪುಸ್ತಕದಲ್ಲಿ ಬರೆದಿಡಿ. ನಾಳೆ ನೀವು ಆ ಕಾರು ಮಾರುವಾಗ ಕೊಳ್ಳಲು ಬಂದವರು ಮೊದಲು ಕೇಳಬೇಕಾದದ್ದು ಅದೇ ಪುಸ್ತಕ.